ಬೇಲಿಯವರೆಗಿನ ಕಾವಲು

ನಮ್ಮ ಕಡೆ ತೋಟಕ್ಕೆ, ಶುಂಠಿ ಗದ್ದೆಗೆ ಕಳ್ಳಕಾಕರ ಕಾಟ ತಪ್ಪಲೆಂದು ‘ಸಿಗಂದೂರು ದೇವಿಯ ಕಾವಲಿದೆ’ ಎಂಬ ಬೋರ್ಡು ಹಾಕಿಸುತ್ತಾರೆ. ಬೋರ್ಡು ಕಂಡರೆ ಎಂಥ ಕಳ್ಳನೂ ಹಿಂದೆ ಸರಿಯುತ್ತಾನೆ. ನನ್ನ ಅತ್ತೆಗೆ ಅಂಥದೇ ಕಾವಲು ಮಗನಿಗೂ ಬೇಕಿತ್ತು.

ಮಗ ಎಂದರೆ ನನ್ನ ಗಂಡ, ಸೈನಿಕ. ಸೇನೆ ಗಡಿ ದಾಟಿ ಉಗ್ರರ ಅಡಗುದಾಣಗಳ ಮೇಲೆ ಬಿದ್ದಿದೆ ಎಂದು ಟಿವಿ ಅರಚತೊಡಗಿದಾಗಿನಿಂದ ಅವರ ಫೋನ್ ಸ್ವಿಚ್ ಆಫ್. ಅವರೂ ದಾಟಿದ್ದಾರೋ, ಈಚೆಯೇ ಇದ್ದಾರೋ, ಬದುಕಿದ್ದಾರೋ ಇಲ್ಲವೋ, ನಮಗೆ ಹೇಳುವವರಿಲ್ಲ. ಸಿಗಂದೂರಿಗೆಂದು ನಾನೂ ಅತ್ತೆಯೂ ಹತ್ತಿದ, ಹೊಸನಗರದಿಂದ ಸಾಗರಕ್ಕೆ ಹೊರಟ ಬಸ್ಸಿನಲ್ಲಿ ಮಾತ್ರ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. “ಇನ್ನೂ ಒಳಗ್ ನುಗ್ಬೇಕು ಮಾರಾಯ, ಬಿಡ್ಬಾರ್ದು” ಎಂದು ಮುಂದಿನ ಸೀಟಿನವನು ಕಡಲೆಕಾಯಿ ಬಿಡಿಸುತ್ತ ಅಪ್ಪಣೆ ಕೊಡುತ್ತಿದ್ದ. ನಿನ್ನನ್ನೇ ಕಳಿಸೋಣ ಬಾ ಎಂದುಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತೆ ನನ್ನ ಕೈ ಅದುಮಿ ಹಿಡಿದರು.

ಆಗಿನ್ನೂ ಸೇತುವೆ ಆಗಿರಲಿಲ್ಲ, ಹಿನ್ನೀರು ದಾಟಲು ಲಾಂಚ್ ಹತ್ತಿದೆವು. ನಡುನೀರಿನಲ್ಲಿ ನೆಟ್‌ವರ್ಕ್ ಹೋಯಿತು. ಅವರು ಈಗಲೇ ಫೋನ್ ಮಾಡಿದರೆ? ಇಳಿದು ಓಡುವಂತಿಲ್ಲ, ಲಾಂಚ್ ತಿರುಗಿಸಿ ಎನ್ನುವಂತಿಲ್ಲ. ಅಷ್ಟು ಜನರ ಮುಂದೆ ಅತ್ತುಬಿಟ್ಟೆ.

ದೇವಸ್ಥಾನದಲ್ಲಿ ಅತ್ತೆ ಕಾವಲು ಬೇಕು ಎಂದಾಗ ಅಲ್ಲಿ ಕಾವಲಿನ ಬೋರ್ಡು ಕೊಡುತ್ತಿದ್ದ ಹಿರಿಯರೊಬ್ಬರು ಅಭ್ಯಾಸಬಲದಿಂದ ಕೇಳಿದರು. “ಜಾಗ ಯಾವ್ದು? ಬೇಲಿ ಎಲ್ಲೀವರೆಗೆ?”

“ಜಾಗ ಅಲ್ಲ, ಮಗ. ಮಿಲಿಟ್ರೀಲಿ ಇದಾನೆ. ದೇಶದ್ ಬೇಲಿ ಹತ್ರ.”

“ಕೇಳ್ಕಳಿ ತಾಯಿ, ಕಾಯ್ತಾಳೆ.”

“ಬೇಲಿ ಆಚೆ ಹೋಗಿದ್ರೆ?”

ಬೋರ್ಡಿನ ಕಾವಲು ನಮ್ಮ ನಮ್ಮ ಬೇಲಿಯವರೆಗೆ. ಪಕ್ಕದವರ ಜಾಗಕ್ಕೆ ಯಾರೂ ಹಾಕಿಸುವುದಿಲ್ಲ. ಹಿರಿಯರು ಕುಂಕುಮ ಕೊಟ್ಟರು. ಅತ್ತೆ ಅಲ್ಲಿಂದ ಏಳಲೇ ಒಪ್ಪಲಿಲ್ಲ, ಕೊನೆಗೆ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಕಾರ್ಯಾಚರಣೆ ಮುಗಿಯಿತೆಂದು ಪೇಟೆಯಲ್ಲಿ ಪಟಾಕಿ ಹೊಡೆದ ಮಾರನೆಯ ಮಧ್ಯಾಹ್ನ ಫೋನ್ ಬಂತು. ನಾನು ಸ್ಪೀಕರ್ ಹಾಕಿದ್ದೇ ಅತ್ತೆ ಕಿತ್ತುಕೊಂಡರು.

“ವಾಪಸ್ ಬಂದ್ಯಾ?”

ಆ ಕಡೆಯಿಂದ ಅವರ ದನಿ: “ನಾನೆಲ್ಲಿಗ್ ಹೋಗಿದ್ದೆ ಅಮ್ಮ? ಇಲ್ಲೇ ಇದ್ನಲ್ಲ.”

ಸುಳ್ಳು ಹೇಳಲು ಅವರಿಗೆ ಎಂದೂ ಬಂದದ್ದಿಲ್ಲ, ಈಗಲೂ ಬರಲಿಲ್ಲ. ಅತ್ತೆ ಮತ್ತೆ ಕೇಳಲಿಲ್ಲ. “ಸರಿ ಮಗ, ಮೊದ್ಲು ಮಲ್ಕ” ಎಂದು ಫೋನ್ ನನಗೆ ಕೊಟ್ಟರು. ಬದುಕಿದ್ದಾರಲ್ಲ ಎಂಬ ಸಂತೋಷಕ್ಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮತ್ತೆ ಹೋಗಬೇಕಾಗುತ್ತದೆಯೇ ಎಂದು ಕೇಳಬೇಕಿತ್ತು. ಊಟ ಆಯ್ತಾ ಎಂದೆ.