ತಾರಸಿಯ ಮೇಲಿನ ಹುಣಸೆ ಬೀಜ

ಅಕ್ಕನ ಅಂಗಾಲು ಸದಾ ಬೆಳ್ಳಗಿರುತ್ತಿತ್ತು. ಸೀಮೆಸುಣ್ಣದ ಪುಡಿ ಹಿಮ್ಮಡಿಯ ಬಿರುಕುಗಳಲ್ಲಿ ಸೇರಿಕೊಂಡು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹಿಂದೂಪುರದ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಬಿಳಿ ಹೆಜ್ಜೆ ಕಂಡರೆ ಅವರು ಆಗಲೇ ತಾರಸಿಯಲ್ಲಿದ್ದಾರೆ ಎಂದರ್ಥ. ಕಾಣದಿದ್ದರೆ ಕೆಳಗಿನ ಹೋಟೆಲಿನಲ್ಲಿ ನಾವು ಆರಾಮವಾಗಿ ಇನ್ನೊಂದು ಇಡ್ಲಿ ತಿನ್ನಬಹುದಿತ್ತು.

ಅವರು ನನ್ನ ಒಡಹುಟ್ಟಿದವರಲ್ಲ, ನನಗೆ ಕೆಲಸ ಕೊಟ್ಟ ಯಜಮಾನಿ. ನೇಯ್ಗೆಯ ಮನೆತನದವರು. ರೇಷ್ಮೆ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆವು, ಅವರಿಗಿಂತ ವಯಸ್ಸಾದ ಅಕೌಂಟೆಂಟ್ ಕೂಡ. ಅಲ್ಲಿಗೆ ಸೇರುವ ಮೊದಲು ನಾನು ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಪಾಠ ಮಾಡುತ್ತಿದ್ದೆ. ವಿನ್ಯಾಸವೊಂದು ಗಟ್ಟಿಯೋ ಜೊಳ್ಳೋ ಎಂದು ಅಳೆಯುವ ವಿಧಾನಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ‘ಇದು ಪರೀಕ್ಷೆಗೆ ಬರುತ್ತದೆ’ ಎಂದು ಮಕ್ಕಳನ್ನು ಹೆದರಿಸುತ್ತಿದ್ದೆ. ಆದರೆ ಒಂದು ವಿನ್ಯಾಸವನ್ನು ಯಾರಾದರೂ ನಿಜವಾಗಿ ಅಳೆದದ್ದನ್ನು ಕಣ್ಣಾರೆ ಕಂಡದ್ದು ಅಕ್ಕನ ತಾರಸಿಯಲ್ಲೇ.

ಒಂದು ಸಾಲು ಕೋಡ್ ಬರೆಯುವ ಮುಂಚೆ ಅಕ್ಕ ಇಡೀ ವ್ಯವಸ್ಥೆಯನ್ನು ತಾರಸಿಯ ನೆಲದ ಮೇಲೆ ಬರೆಯುತ್ತಿದ್ದರು. ಒಂದೊಂದು ಕಂಪ್ಯೂಟರಿಗೆ ಒಂದೊಂದು ಚೌಕ, ನಡುವೆ ಗೆರೆಗಳು. ಚೌಕಗಳಲ್ಲಿ ನಾವು ನಿಲ್ಲಬೇಕು. ಬಳಸುವವರು ಕಳಿಸುವ ಪ್ರತಿ ಕೋರಿಕೆಯೂ ಒಂದು ಹುಣಸೆ ಬೀಜ. ಅದು ಗೆರೆಯ ಉದ್ದಕ್ಕೂ ಕೈಯಿಂದ ಕೈಗೆ ಹೋಗಬೇಕು. ಎಲ್ಲಿ ಬೀಜ ಗುಡ್ಡೆ ಬೀಳುತ್ತದೋ ಅಲ್ಲಿ ವಿನ್ಯಾಸ ಸೋತಂತೆ. ಯಾವುದಾದರೂ ಕಂಪ್ಯೂಟರ್ ಕೆಟ್ಟರೆ ಏನಾಗುತ್ತದೆಂದು ನೋಡಲು ಆ ಚೌಕದವರನ್ನು ಟೀ ಕುಡಿಯಲು ಕಳಿಸುತ್ತಿದ್ದೆವು. ವಿನ್ಯಾಸ ಮಾಡಿದವರು ಮಾತ್ರ ಅದರ ಪರವಾಗಿ ತುಟಿ ಬಿಚ್ಚುವಂತಿರಲಿಲ್ಲ.

“ಬಾಯಿ ಬುಟ್ರೆ ವಕಾಲತ್ತು ಸುರು ಆಯ್ತದೆ ಕಣಮ್ಮ. ನೀನು ಸುಮ್ಕಿರು, ಚೌಕ ಮಾತಾಡ್ಲಿ” ಎನ್ನುತ್ತಿದ್ದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ತೆಲುಗಿನಲ್ಲಿ ಕೂಗುತ್ತಿದ್ದರು: “ಊ, ಚಂಪಂಡಿ ದೀನ್ನಿ!” ಕೊಲ್ಲಿ ಇದನ್ನ ಎಂದು. ಪಕ್ಕದ ತಾರಸಿಯಲ್ಲಿ ಸಂಡಿಗೆ ಒಣಗಿಸುವ ಹೆಂಗಸು, “ಇವತ್ತು ಯಾರು ಸತ್ರಮ್ಮಾ?” ಎಂದು ದಿನಾ ವಿಚಾರಿಸುತ್ತಿದ್ದಳು.

ನಾನು ಸೇರಿದ ಹೊಸದರಲ್ಲಿ ಒಂದು ಸೇವಾ ಟ್ರಸ್ಟು ಆಂಬುಲೆನ್ಸ್ ಕಳಿಸುವ ಸಾಫ್ಟ್‌ವೇರ್ ಮಾಡಿಕೊಡಿ ಎಂದು ಬಂತು. ಹಿಂದೂಪುರ, ಪೆನುಕೊಂಡ, ಕಲ್ಯಾಣದುರ್ಗ, ಬೆಳುಗುಪ್ಪ, ಎಲ್ಲ ಕಡೆ ಅವರ ಗಾಡಿಗಳಿದ್ದವು. ಯಾವ ಊರಿನಲ್ಲಿ ಫೋನ್ ಬಂದರೂ ಯಾವ ಗಾಡಿ ಹೋಗಬೇಕೆಂದು ಹಿಂದೂಪುರದ ಕಂಪ್ಯೂಟರ್ ಹೇಳಬೇಕು. ವಿನ್ಯಾಸವನ್ನು ಅಕ್ಕನೇ ಮಾಡಿದ್ದರು. ನೋಡಲು ಅಷ್ಟು ಚೆಂದ, ಅಷ್ಟು ಚೊಕ್ಕ. ಪರೀಕ್ಷಿಸುವ ದಿನ ಟ್ರಸ್ಟಿನ ಕಾರ್ಯದರ್ಶಿಯನ್ನೂ ಬೆಳುಗುಪ್ಪದ ಗಾಡಿಯ ಡ್ರೈವರನನ್ನೂ ಕರೆಸಿದರು. ಡ್ರೈವರನನ್ನು ನಡುವಿನ ಹಿಂದೂಪುರದ ಚೌಕದಲ್ಲಿ ನಿಲ್ಲಿಸಿದರು, ನನ್ನನ್ನು ಕಲ್ಯಾಣದುರ್ಗದಲ್ಲಿ.

ಬೀಜಗಳು ಹರಿದವು. ಅಕ್ಕ ಚಂಪಂಡಿ ಎಂದರು. ಎಲ್ಲರೂ ಚೆನ್ನಾಗಿದೆ ಎಂದು ತಲೆಯಾಡಿಸಿದೆವು. ಅಕ್ಕನ ವಿನ್ಯಾಸವನ್ನು ಕೊಲ್ಲುವುದು ಹೇಗೆ? ಅಕ್ಕನಿಗೆ ಸಿಟ್ಟೇ ಬಂತು. “ಏನ್ರಪ್ಪಾ, ಎಲ್ಲಾ ಬಸವಣ್ಣನಂಗೆ ತಲೆ ಆಡುಸ್ತೀರಲ್ಲ!”

ನನಗೋ ಬಿಸಿಲಿಗೆ ಕಾಲು ಚುರುಗುಟ್ಟುತ್ತಿತ್ತು. ತಡೆಯಲಾರದೆ ಹೇಳಿಬಿಟ್ಟೆ: “ಅಕ್ಕಾ, ಹಿಂದೂಪುರದೋರು ಟೀಗೆ ಹೋಗ್ಲಿ.”

ಡ್ರೈವರ್ ಖುಷಿಯಿಂದ ಇಳಿದು ಹೋದ. ಕಲ್ಯಾಣದುರ್ಗದಲ್ಲಿ ಗಾಡಿ ಇತ್ತು, ಬೆಳುಗುಪ್ಪದಲ್ಲೂ ಇತ್ತು. ಆದರೆ ಹಿಂದೂಪುರವನ್ನು ಕೇಳದೆ ಯಾವುದೂ ಕದಲುವಂತಿರಲಿಲ್ಲ. ನಡುಚೌಕದಲ್ಲಿ ಬೀಜ ಗುಡ್ಡೆ ಬಿತ್ತು. ಅಕ್ಕ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಎತ್ತಿಕೊಂಡರು.

“ಇವು ಬೀಜ ಅಲ್ಲ ಕಣ್ರಮ್ಮ. ಹೆರಿಗೆ ನೋವಲ್ಲಿರೋರು, ಎದೆ ಹಿಡ್ಕೊಂಡು ಕುಂತಿರೋರು.”

 ಹೊಸ ಕೆಲಸ ಹೋಯಿತು ಎಂದುಕೊಂಡೆ. ಅಕ್ಕ ಎದ್ದು ಬಂದು ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ಮುಖದ ತುಂಬ ನಗು. “ಕೊಂದ್ಬುಟ್ಟೆ ಕಣಮ್ಮಾ! ಇಲ್ಲೇ ಕೊಂದ್ಬುಟ್ಟೆ, ಅಲ್ಲಿ ಯಾರೂ ಸಾಯಂಗಿಲ್ಲ!” ತಾನು ಸೋತದ್ದಕ್ಕೆ ಅಷ್ಟು ಸಂಭ್ರಮಪಟ್ಟವರನ್ನು ನಾನು ಮತ್ತೆ ಕಂಡಿಲ್ಲ. ನನ್ನ ಕೆನ್ನೆಗಳೂ ಬಿಳಿಯಾದವು.

ಅಂದೇ ಚೌಕಗಳನ್ನು ಅಳಿಸಿ ಹೊಸದಾಗಿ ಬರೆದರು. ಪ್ರತಿ ಊರಿನ ಕಂಪ್ಯೂಟರಿನಲ್ಲೂ ತನ್ನ ಮತ್ತು ಅಕ್ಕಪಕ್ಕದ ಊರಿನ ಗಾಡಿಗಳ ಮಾಹಿತಿ ಇರಬೇಕು, ನಡುವಿನದು ಸತ್ತರೆ ತಾವೇ ನಿರ್ಧರಿಸಬೇಕು. ಕಾರ್ಯದರ್ಶಿ ಆಕ್ಷೇಪ ಎತ್ತಿದರು: “ಹಂಗಾದ್ರೆ ಒಬ್ಬರನ್ನೊಬ್ಬರು ಕೇಳ್ದೆ ಒಂದೇ ಮನೆಗೆ ಎಲ್ಡು ಗಾಡಿ ಹೋಗ್ಬೋದಲ್ಲಮ್ಮಾ?”

“ಹೋಗ್ಬೋದು ಸಾರ್. ಎಲ್ಡು ಹೋದ್ರೆ ಬೈಗುಳ, ಒಂದೂ ಹೋಗ್ದಿದ್ರೆ ಹೆಣ. ಬೈಗುಳಾನೂ ಬ್ಯಾಡ, ಹೆಣಾನೂ ಬ್ಯಾಡ ಅನ್ನೋ ಡಿಸೈನು ನನ್ನತ್ರ ಇಲ್ಲ. ಯಾವ್ದು ಕೊಡ್ಲಿ?”

ಕಾರ್ಯದರ್ಶಿ ನೆಲದಿಂದ ಒಂದು ಬೀಜ ಎತ್ತಿ ಅಕ್ಕನ ಕೈಗಿಟ್ಟರು. “ಬೈಗುಳಾನೇ ಇರ್ಲಿ ಬುಡಮ್ಮ.”

ಸಾಫ್ಟ್‌ವೇರ್ ಶುರುವಾಗಿ ಹೆಚ್ಚು ಕಾಲ ಆಗಿರಲಿಲ್ಲ. ಒಂದು ಬೆಳಿಗ್ಗೆ ಹಿಂದೂಪುರದಲ್ಲಿ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ ನಡುವಿನ ಕಂಪ್ಯೂಟರ್ ಮೂಕವಾಯಿತು.  ಅಕ್ಕ ಒಂದು ಬೀಜವನ್ನು ಬೆರಳಲ್ಲಿ ಹೊರಳಿಸುತ್ತ ಫೋನಿನ ಮುಂದೆ ಕೂತಿದ್ದರು. ಮಧ್ಯಾಹ್ನಕ್ಕೆ ಬೆಳುಗುಪ್ಪದ ಡ್ರೈವರನ ಫೋನ್ ಬಂತು. ಆ ದನಿ ಇಡೀ ಮಹಡಿಗೆ ಕೇಳಿಸಿತು.

“ಅಕ್ಕಾ, ಹೆಣ್ಮಗು! ತಾಯೀನೂ ಚೆನ್ನಾಗವ್ಳೆ! ನಂದೂ ಕಲ್ಯಾಣದುರ್ಗದ್ದೂ ಎಲ್ಡು ಗಾಡೀನೂ ಬಂದ್ಬುಟ್ವು. ಬೀದಿಯೋರು ಹಿಗ್ಗಾಮುಗ್ಗಾ ಬೈದ್ರು!”

ಅಕ್ಕ ಬೀಜವನ್ನು ಸೂರಿಗೆ ತಾಗುವಂತೆ ಎಸೆದರು. “ಬೈದ್ರಾ? ಭೇಷ್!” ನಾವೆಲ್ಲ ಕುಣಿದೆವು, ಅಕೌಂಟೆಂಟ್ ಕೂಡ.

ಆ ಗೆಲುವಿನ ಬಿಸಿ ಆರುವ ಮುಂಚೆ ಅಕ್ಕ ಇನ್ನೊಂದು ಚಿತ್ರ ಬರೆದರು. ಅದರಲ್ಲಿ ಕಂಪ್ಯೂಟರುಗಳಿರಲಿಲ್ಲ, ನಾವಿದ್ದೆವು. ಎಲ್ಲ ಗೆರೆಗಳೂ ನಡುವಿನ ಚೌಕಕ್ಕೆ ಬಂದು ಸೇರುತ್ತಿದ್ದವು. ಅದರಲ್ಲಿ ಅಕ್ಕ ನಿಂತಿದ್ದರು. ಟೀಗೆ ಯಾರನ್ನು ಕಳಿಸೋಣ ಎಂದು ಕೇಳಿದರೆ ನಾವೆಲ್ಲ ಅಕೌಂಟೆಂಟರತ್ತ ಬೆರಳು ತೋರಿಸಿದೆವು. “ಸರೇ, ನಾನೇ ಹೋಯ್ತೀನಿ” ಎಂದು ಅವರೇ ಇಳಿದು ಹೋದರು. ಬೀಜಗಳು ಅವರ ಚೌಕದಲ್ಲಿ ಗುಡ್ಡೆ ಬಿದ್ದವು. ವಾಪಸು ಬಂದು ನೋಡಿ ನಕ್ಕರು. “ನಮ್ ಆಫೀಸೇ ಫೇಲು ಕಣ್ರಮ್ಮ. ರಿಪೇರಿ ಮಾಡಾನ.”

ಮೈಯಲ್ಲಿ ಕಾಯಿಲೆ ಇದ್ದದ್ದು ಅವರಿಗೆ ಆಗಲೇ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಅಂದಿನಿಂದ ಏನು ಕೇಳಹೋದರೂ ಒಂದೇ ಉತ್ತರ: “ನಾನು ಟೀ ಕುಡೀತಾ ಇವ್ನಿ ಕಣಮ್ಮ.” ಮೊದಮೊದಲು ನನಗೆ ಕೋಪ ಬರುತ್ತಿತ್ತು, ಅಳುವೂ ಬರುತ್ತಿತ್ತು. ಆಮೇಲಾಮೇಲೆ ಕೇಳುವುದನ್ನೇ ಮರೆತೆವು. ಇನ್ನೊಮ್ಮೆ ಅಕ್ಕನ ಚೌಕ ಖಾಲಿ ಬಿಟ್ಟು ತಾರಸಿಯಲ್ಲಿ ನಿಂತಾಗ ಒಂದು ಬೀಜವೂ ನಿಲ್ಲದೆ ಹರಿಯಿತು. ಅಕ್ಕ ಪಕ್ಕದ ತಾರಸಿಯ ಹೆಂಗಸಿಗೆ ಕೂಗಿ ಹೇಳಿದರು: “ಇವತ್ತು ಯಾರೂ ಸಾಯ್ಲಿಲ್ಲಮ್ಮೋ!”

ಅವರು ತೀರಿಕೊಂಡ ಬೆಳಿಗ್ಗೆ ನಾವೆಲ್ಲ ಅವರ ಮನೆಯಂಗಳದಲ್ಲಿದ್ದೆವು. ಆಫೀಸಿನಲ್ಲಿ ಅಕೌಂಟೆಂಟರ ಜೊತೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳನ್ನು ಬಿಟ್ಟು ಬಂದಿದ್ದೆವು. ನನ್ನ ಫೋನ್ ಗುನುಗಿತು, ಅವಳೇ. “ಪೆನುಕೊಂಡದ ಕಂಪ್ಯೂಟರ್ ಕೆಟ್ಟಿತ್ತು ಮೇಡಂ. ನೀವು ಅಲ್ಲೇ ಇರಿ, ಬರ್ಬೇಡಿ. ಕೇಳ್ಬೇಕಾಗಿದ್ದೇನಿಲ್ಲ, ಹೇಳೋಣ ಅಂತ ಮಾಡ್ದೆ. ಹಿಂದೂಪುರದ ಗಾಡಿ ಆಗ್ಲೇ ಹೋಯ್ತು.”

ಫೋನ್ ಇಟ್ಟು ಅಕ್ಕನ ಕಾಲ ಬಳಿ ಕೂತೆ. ಸ್ನಾನ ಮಾಡಿಸಿ ಅರಿಶಿನ ಹಚ್ಚಿದ್ದರು. ಆದರೂ ಹಿಮ್ಮಡಿಯ ಬಿರುಕುಗಳಲ್ಲಿ ಸೀಮೆಸುಣ್ಣ ಇನ್ನೂ ಬೆಳ್ಳಗೆ ಉಳಿದಿತ್ತು. ಅದನ್ನು ಮುಟ್ಟಿ, ಅವರಿಗಷ್ಟೇ ಕೇಳುವಂತೆ ಹೇಳಿದೆ:

“ಗಾಡಿ ಹೋಯ್ತಕ್ಕಾ. ನೀವು ಟೀ ಕುಡೀರಿ.”