ನೀರು ಕುಡಿದು ಬನ್ನಿ

ತೊಂಬತ್ತರ ದಶಕದಲ್ಲಿ ದುರ್ಗಿಗುಡಿಯಲ್ಲಿ ನಾನು ಸ್ಕ್ಯಾನಿಂಗ್ ಶುರುಮಾಡಿದಾಗ ನನ್ನ ಅರ್ಧ ಕೆಲಸ ನೀರು ಕುಡಿಸುವುದೇ ಆಗಿತ್ತು. ಬಸಿರಿನ ಮೊದಲ ತಿಂಗಳುಗಳಲ್ಲಿ ಮೂತ್ರಕೋಶ ತುಂಬಿದ್ದರೆ ಮಾತ್ರ ಗರ್ಭಕೋಶ ಸರಿಯಾಗಿ ಕಾಣುತ್ತಿತ್ತು. ತಡೆಯಲಾರದೆ ಮೂತ್ರಕ್ಕೆ ಹೋಗಿಬಂದವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ. "ಇನ್ನೊಂದು ಚೊಂಬು ಕುಡಿದು ಅಲ್ಲೇ ಬೆಂಚಿನ ಮೇಲೆ ಕೂತ್ಕೊಳ್ಳಿ, ನನ್ನ ತಲೆ ತಿನ್ಬೇಡಿ" ಎಂದು ಎಲ್ಲರೆದುರೇ ರೇಗುತ್ತಿದ್ದೆ. ನನ್ನ ಸಿಟ್ಟು ಭದ್ರಾವತಿಯವರೆಗೂ ಗೊತ್ತಿತ್ತು.

ಒಂದು ದಿನ ಭದ್ರಾವತಿಯ ಓಲ್ಡ್ ಟೌನಿನಿಂದ ಒಬ್ಬ ಹೆಂಗಸು ಅತ್ತೆಯ ಜೊತೆ ಬಂದಳು. ಎರಡು ಸಲ ಗರ್ಭಪಾತವಾಗಿತ್ತು, ಇದು ಮೂರನೆಯ ಬಸಿರು. ಸ್ವಲ್ಪ ರಕ್ತ ಕಂಡಿದ್ದರಿಂದ ಅವಳ ಡಾಕ್ಟರಮ್ಮ ಕಳಿಸಿದ್ದರು.

"ನೀರು ಕುಡಿದು ತಡ್ಕೊಂಡಿದ್ದೀಯಾ?"

"ಹ್ಞೂಂ ಮೇಡಂ."

ಹನ್ನೊಂದಕ್ಕೆ ಕರೆಂಟ್ ತೆಗೆಯುತ್ತಿದ್ದರು. ಆಗಲೇ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಚಿತ್ರ ಮಸುಕಾಗಿತ್ತು. ಕೂರಿಸಿ ನೀರು ಕುಡಿಸಬೇಕಿತ್ತು, ಕುಡಿಸಲಿಲ್ಲ. ಹೃದಯದ ಬಡಿತ ಇಲ್ಲ ಎಂದು ಬರೆದುಕೊಟ್ಟೆ. ಅವಳು ಅಳಲಿಲ್ಲ, ಅತ್ತೆಯೇ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಕರೆಂಟ್ ಹೋದ ಮೇಲೆ ಕಾಫಿ ಕುಡಿಯಲು ಕೂತಾಗ ಆ ಮಸುಕು ಚಿತ್ರವೇ ನೆನಪಾಯಿತು. ಬಡಿತ ನನಗೆ ಕಂಡಿರಲಿಲ್ಲ, ಅಷ್ಟೇ. ಇಲ್ಲ ಎಂದು ಹೇಳುವಷ್ಟು ನಾನು ನೋಡಿರಲೂ ಇಲ್ಲ. ಮಧ್ಯಾಹ್ನದವರೆಗೆ ಒದ್ದಾಡಿ, ಕೊನೆಗೆ ಭದ್ರಾವತಿಯ ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಈಗಷ್ಟೇ ಅಡ್ಮಿಟ್ ಮಾಡ್ಕೊಂಡೆ ಕಣ್ರೀ. ನಾಳೆ ಬೆಳಿಗ್ಗೆ ಗರ್ಭಕೋಶ ಕ್ಲೀನ್ ಮಾಡ್ತೀನಿ," ಎಂದರು.

"ಮಾಡ್ಬೇಡಿ. ನಂಗೆ ಸರಿಯಾಗಿ ಕಂಡಿಲ್ಲ. ಮೊದಲು ಇನ್ನೊಂದ್ಸಲ ನನ್ನ ಹತ್ರ ಕಳಿಸಿ."

ಅಷ್ಟು ಹೇಳುವಷ್ಟರಲ್ಲಿ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಮರುದಿನ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರಿನ ಚೊಂಬನ್ನು ನಾನೇ ತಂದುಕೊಟ್ಟೆ. ಒಂದು ಗಂಟೆ ಕಾದೆ. ಈ ಸಲ ಚಿತ್ರ ಸ್ಪಷ್ಟವಾಗಿತ್ತು. ಅಕ್ಕಿಕಾಳಿನಷ್ಟು ಜಾಗದಲ್ಲಿ ಹೃದಯ ಮಿಣಮಿಣ ಬಡಿಯುತ್ತಿತ್ತು. ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ಆಗ ಅವಳು ಅತ್ತಳು.

"ನಿನ್ನೆ ಬಸ್‌ಸ್ಟ್ಯಾಂಡಲ್ಲೇ ಹೋಗಿಬಂದಿದ್ದೆ ಮೇಡಂ. ನೀವು ಬೈತೀರಂತ ಸುಳ್ಳು ಹೇಳ್ದೆ."

"ತಪ್ಪು ನಂದಮ್ಮ. ಕಾಣದೇ ಇದ್ದಿದ್ದನ್ನ ಇಲ್ಲ ಅಂತ ಬರೆದ್ಬಿಟ್ಟೆ," ಎಂದೆ.

ಅವಳು ಕಣ್ಣೊರೆಸಿಕೊಂಡು ಮಂಚದಿಂದ ಇಳಿದಳು. ಬಾಗಿಲ ಹತ್ತಿರ ಹೋದವಳು ಅಲ್ಲೇ ನಿಂತಳು.

"ಮೇಡಂ, ಈಗ ಹೋಗ್ಬಹುದಾ? ತಡ್ಕೊಳ್ಳಕ್ಕಾಗ್ತಿಲ್ಲ."

ಅಷ್ಟೆಲ್ಲ ಆದ ಮೇಲೂ ಅವಳಿಗೆ ನನ್ನ ಅಪ್ಪಣೆ ಬೇಕಿತ್ತು.