ಧರೆಪ್ಪನ ಕಡಗ

ಮಿರಜದ ಹತ್ತಿರದ ಆರಗದ ಧರೆಪ್ಪನಿಗೆ ಕಲ್ಲು ಕೊರೆಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಬೋರ್‌ವೆಲ್ ಗಾಡಿಯಲ್ಲಿ ದುಡಿದ. ಅದರ ಅದುರಾಟಕ್ಕೆ ಎಡ ಮುಂಗೈ ಜೋಮು ಹಿಡಿದು, ಚಹಾದ ಬಟ್ಟಲು ಎತ್ತುವುದೂ ಕಷ್ಟವಾದಾಗ ಗಾಡಿಯವರು ಬಿಡಿಸಿಬಿಟ್ಟರು. ಎರಡು ಮಳೆಗಾಲ ಮನೆಯಲ್ಲೇ ಕೂತ. ಆಮೇಲೆ ಸಿಕ್ಕವಳು ಪ್ರಣಾಲಿ. ಸಮಡೋಳಿಯ ಜೈನರ ಮನೆಯ ಹುಡುಗಿ, ಕಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಕೈಡ್ರಿಲ್ ಹಿಡಿಯಲು ಅವಳಿಗೊಬ್ಬ ಆಳು ಬೇಕಿತ್ತು. ಕೈನೋವಿನ ಮಾತನ್ನು ಧರೆಪ್ಪ ಎತ್ತಲೇ ಇಲ್ಲ.

ಕೆಲಸವೇನೆಂದು ಅವಳು ಬಿಡಿಸಿ ಹೇಳಿದ್ದಳು. ಈ ಕರಿಕಲ್ಲು ಒಂದು ಕಾಲಕ್ಕೆ ಉಕ್ಕಿ ಹರಿದ ಬೆಂಕಿ. ಅದು ಆರುವಾಗ ಒಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರ ದಿಕ್ಕನ್ನು ಹಿಡಿದುಕೊಂಡು ನಿಂತವು. ಮುಂದೆ ಕೊಂಕಣದ ಕಡೆ ನೆಲ ಹಿಗ್ಗಿ ಸೀಳಿತು. ಅಲ್ಲಿನ ತುಂಡುಗಳು ತಿರುಗಿದ್ದರೆ ಕಲ್ಲಿನೊಳಗಿನ ಉತ್ತರವೂ ತಿರುಗಿರಬೇಕು. ಮಿರಜದ ಸುತ್ತಿನ ನೆಲ ಮಾತ್ರ ಅಲುಗದೆ ಕೂತದ್ದು. ಕೊಂಕಣದ ಕಲ್ಲನ್ನು ಅವಳು ಮೊದಲೇ ಅಳೆದಿದ್ದಳು; ಇಲ್ಲಿಯ ಕಲ್ಲಿನ ಜೊತೆ ಹೋಲಿಸಿದರೆ ಕೊಂಕಣ ಎಷ್ಟು ತಿರುಗಿದೆ ಎಂಬುದು ತಿಳಿಯುತ್ತದೆ.

ಆಷಾಢದ ಮೋಡದಲ್ಲೇ ಮಿರಜದ ಸುತ್ತ ನಾಲ್ಕು ಕಡೆ ಐವತ್ತಾರು ತೂತು ಕೊರೆದರು. ಕೊರೆದ ಬೆರಳ ಗಾತ್ರದ ಕಲ್ಲನ್ನು ಕೀಳುವ ಮೊದಲು ತೂತಿನೊಳಗೆ ನಳಿಗೆ ಇಟ್ಟು, ಅದರ ತಲೆಯ ಮೇಲಿನ ಕಂಪಾಸಿನಿಂದ ದಿಕ್ಕು ನೋಡಬೇಕು. ನಳಿಗೆ ಅಲುಗದಂತೆ ಧರೆಪ್ಪ ಎಡಗೈಯಿಂದ ಹಿಡಿಯುತ್ತಿದ್ದ, ಪ್ರಣಾಲಿ ಅಂಕಿ ಬರೆದುಕೊಳ್ಳುತ್ತಿದ್ದಳು. ಸುತ್ತಿಗೆ, ಮೊಬೈಲು, ಸೊಂಟದ ಪಟ್ಟಿ ಎಲ್ಲವನ್ನೂ ದೂರ ಇಡಿಸುತ್ತಿದ್ದಳು. ಬಿಸಿಲಿದ್ದರೆ ನೆರಳು ನೋಡಿಯೂ ದಿಕ್ಕನ್ನು ತಾಳೆ ಹಾಕಬಹುದಿತ್ತು. ಆ ತಿಂಗಳು ಸೂರ್ಯ ಮುಖ ತೋರಿಸಲಿಲ್ಲ.

ಸಂಕ್ರಾಂತಿಗೆ ಪ್ರಣಾಲಿಯ ಫೋನ್ ಬಂತು. "ಕಾಕಾ, ಕೊಂಕಣದ ನೆಲ ತಿರುಗೇದ! ಯಾರೂ ಅಂದುಕೊಂಡಿದ್ದಿಲ್ಲ ಅಷ್ಟು. ನಮ್ಮ ಸರ್ ಭಾಳ ಖುಷ್ ಆಗ್ಯಾರ."

ಅದಾಗಿ ಒಂದು ತಿಂಗಳಿಗೆ, ಧರೆಪ್ಪ ಸ್ನಾನಕ್ಕೆಂದು ಎಡಗೈಯ ಕಡಗ ತೆಗೆದು ಕಟ್ಟೆಯ ಮೇಲಿಟ್ಟ. ಮಿರಜ ಸ್ಟೇಶನ್ ಎದುರು ಒಬ್ಬ ಮಾರುತ್ತಿದ್ದ ತಾಮ್ರದ ಕಡಗ, ಎರಡೂ ತುದಿಗೆ ಕರಿ ಗುಂಡು ಕೂರಿಸಿದ್ದು. ನೋವು ಎಳೆಯುತ್ತದೆ ಅಂದಿದ್ದ. ತಾಮ್ರ ತಾನೇ, ಕಬ್ಬಿಣವಲ್ಲ ಎಂದು ಧರೆಪ್ಪ ವರ್ಷದಿಂದ ತುಂಬುತೋಳಿನ ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಿರುಗಿದ್ದ. ಹೆಂಡತಿ ಕೃಷ್ಣವ್ವ ಸೀರೆಯ ಪಿನ್ನು ತೆಗೆದು ಪಕ್ಕಕ್ಕಿಟ್ಟಳು. ಪಿನ್ನು ಟಕ್ಕನೆ ಹಾರಿ ಕಡಗಕ್ಕೆ ಅಂಟಿತು.

"ಅಯ್ಯ, ಇದು ಚುಂಬಕ ಐತಿ ನೋಡ್ರಿ!" ಎಂದು ಕೃಷ್ಣವ್ವ ನಕ್ಕಳು.

ಧರೆಪ್ಪ ಪಿನ್ನು ಕಿತ್ತು ಮತ್ತೆ ಹತ್ತಿರ ಹಿಡಿದ; ಮತ್ತೆ ಅಂಟಿತು. ಐವತ್ತಾರು ತೂತು. ಪ್ರತಿ ಸಲವೂ ಆ ಕೈ ಕಂಪಾಸಿನಿಂದ ಒಂದು ಗೇಣು ದೂರದಲ್ಲಿ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಮುಚ್ಚಿಕೊಂಡೇ ಇದ್ದ. ಮೂರನೆಯ ದಿನ ಬಸ್ಸು ಹತ್ತಿ ಸಮಡೋಳಿಗೆ ಹೋಗಿ, ಪ್ರಣಾಲಿಯ ಮುಂದೆ ಕಡಗ ಇಟ್ಟ. "ತಪ್ಪಾತ್ರಿ ಬಾಯಾರ."

ಅವಳು ಕಂಪಾಸು ತಂದಳು. ಕಡಗ ಹತ್ತಿರ ಹೋದದ್ದೇ ಮುಳ್ಳು ಗಿರ್ರನೆ ತಿರುಗಿತು. ಅವಳು ಕಡಗವನ್ನು ದೂರ ಸರಿಸಿ, ಮತ್ತೆ ಹತ್ತಿರ ತಂದು ನೋಡಿದಳು. ಥೀಸಿಸ್ ಒಪ್ಪಿಸಲು ನಲವತ್ತು ದಿನ ಉಳಿದಿತ್ತು.

"ನೋವು ಅದ ಅಂತ ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ಬ್ಯಾರೆಯವರನ್ನ ಕರಿತಿದ್ರಿ."

ಅವಳು ಅಂಕಿ ಬರೆದ ಪುಸ್ತಕ ತೆಗೆದು, ಐವತ್ತಾರರ ಮೇಲೂ ಗೀಟು ಎಳೆದಳು.

"ಕಲ್ಲು ಕಿತ್ತಿದ್ರೂ ತೂತು ಅದಾವಲ್ರಿ. ಅವನ್ನೇ ಮತ್ತ ಅಳಿಯಾಕ ಬರೂದಿಲ್ಲೇನು?" ಎಂದು ಅಂಗಲಾಚಿದ.

ಬರುತ್ತಿತ್ತು; ತೂತಿನ ದಿಕ್ಕೇ ಕಲ್ಲಿನ ದಿಕ್ಕು. ಮರುದಿನವೇ, ಮೊದಲು ಕೊರೆದಿದ್ದ ಭೂಪಾಲನೆಂಬವನ ಕಲ್ಲಿನ ಖಣಿಗೆ ಹೋದರು. ಹದಿನಾಲ್ಕು ತೂತುಗಳಿದ್ದ ಗೋಡೆ ಅಲ್ಲಿರಲಿಲ್ಲ; ಜನವರಿಯಲ್ಲೇ ಸಿಡಿಸಿ ಜಲ್ಲಿ ಮಾಡಿದ್ದರು. "ಎಲ್ಲಾ ಖಡಿ ಆಗಿ ರಸ್ತೇಕ ಬಿತ್ತು," ಎಂದ ಭೂಪಾಲ. ಎರಡನೆಯ ಜಾಗದಲ್ಲಿ ಹೊಸ ಬಾವಿಯ ಮಣ್ಣು ಸುರಿದಿದ್ದರು. ಧರೆಪ್ಪ ಬರಿಗೈಯಲ್ಲಿ ಬಗೆದ, ಉಗುರು ಕಿತ್ತು ರಕ್ತ ಬಂತು. "ಸಾಕು ಕಾಕಾ, ಬಿಡ್ರಿ," ಅಂದರೂ ಬಿಡಲಿಲ್ಲ. ಆರು ಸಿಕ್ಕವು. ಹಳ್ಳದ ದಂಡೆಯಲ್ಲಿ ಒಂಬತ್ತು. ನಾಲ್ಕನೆಯ ಕಡೆ ಒಂದೂ ಇಲ್ಲ. ಪ್ರಣಾಲಿ ತಾನೇ ನಳಿಗೆ ಹಿಡಿದು, ಬಿಸಿಲಿನ ನೆರಳು ನೋಡಿ, ಹದಿನೈದನ್ನೂ ಅಳೆದಳು.

ಹೊಸ ಲೆಕ್ಕದಲ್ಲಿ ಕೊಂಕಣ ತಿರುಗಿದ್ದಕ್ಕೆ ಪುರಾವೆಯೇ ಉಳಿಯಲಿಲ್ಲ. ತಿರುಗಿಲ್ಲ ಎನ್ನಲೂ ಹದಿನೈದು ಕಲ್ಲು ಸಾಲದು. ಥೀಸಿಸ್ ಒಂದು ವರ್ಷ ಮುಂದೆ ಹೋಯಿತು. ಖುಷಿಪಟ್ಟಿದ್ದ ಸರ್ ಅವಳೊಡನೆ ವಾರಗಟ್ಟಲೆ ಮಾತಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳು ಮತ್ತೆ ಕೊರೆಸಲು ಹೊರಟಳು, ಬೇರೆ ಆಳು ಹಚ್ಚಿ. ಎಲ್ಲೆಲ್ಲಿ ಸಿಡಿಸದ ಬಂಡೆ ಇದೆ ಎಂದು ಕೇಳಲು ಧರೆಪ್ಪನಿಗೆ ಫೋನ್ ಮಾಡಿದಳು. ಅವನು ಒಂದೊಂದೇ ಜಾಗ ಹೇಳಿದ. ಹೊಲದ ಗುರುತು, ಹಾದಿಯ ಗುರುತು, ಏನೂ ಬಿಡಲಿಲ್ಲ. ಹೇಳಿ ಮುಗಿಸಿ, "ನಾನೂ ಬರ್ಲೇನ್ರಿ?" ಎಂದು ಕೇಳಿದ.

"ಬ್ಯಾಡ ಕಾಕಾ," ಎಂದಳು ಮೆಲ್ಲಗೆ.